ಕೀಲಿಯ ಕರಡಿಗೆ: ಡಿಜಿಟಲ್ ಪ್ರಮಾಣಪತ್ರಗಳ ರಕ್ಷಣೆ ಮತ್ತು ಹೊಂದಾಣಿಕೆ

(ಖಡಕಿಯಲ್ಲಿ ಕನ್ನಡ ಬಲ್ಲ ಕಚೇರಿ ನೌಕರರು ಹಾಗೂ ಸಣ್ಣ ಉದ್ದಿಮೆದಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರಲ್ಲಿ ಸ್ಥಾಪನೆಯಾಯಿತು. 2021ರ ಅಕ್ಟೋಬರ್ 1ರಂದು ಆಯುಧ ಕಾರ್ಖಾನೆಗಳ ಮಂಡಳಿಯ ವಿಸರ್ಜನೆಯಾದ ಬಳಿಕ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಆಡಳಿತಕ್ಕೆ ಸೇರಿತು. ಈ ದೀರ್ಘಾವಧಿಯ ಬಹುಭಾಗದಲ್ಲಿ ಸರಕು ಪೂರೈಸುವವರು ತಮ್ಮ ದರವನ್ನು ಲಕೋಟೆಯಲ್ಲಿಟ್ಟು, ಅರಗಿನ ಮುದ್ರೆಯೊತ್ತಿ, ಟೆಂಡರ್ ಪೆಟ್ಟಿಗೆಯಲ್ಲಿ ಹಾಕುತ್ತಿದ್ದರು. ಅರಗು ಒಡೆದಿದ್ದರೆ ಯಾರೋ ಕೈಯಾಡಿಸಿದ್ದಾರೆಂದು ಎಲ್ಲರಿಗೂ ತಿಳಿಯುತ್ತಿತ್ತು. ಇಂದು ರಕ್ಷಣಾ ಇಲಾಖೆಯ ಖರೀದಿಯು ಬಹುಮಟ್ಟಿಗೆ ಗಣಕಜಾಲದ ಮೂಲಕವೇ ನಡೆಯುತ್ತಿದೆ. ಲಕೋಟೆಯ ಸ್ಥಾನದಲ್ಲಿ ಗೂಢಲಿಪಿ ಬಂದಿದೆ, ಅರಗಿನ ಸ್ಥಾನದಲ್ಲಿ ಡಿಜಿಟಲ್ ಸಹಿ ಬಂದಿದೆ. ಆದರೆ ಈ ಸಹಿ ಮಾಡುವ ಕೀಲಿಯನ್ನು ಎಲ್ಲಿ ಇಡಬೇಕು, ಹೇಗೆ ಬೀಗ ಹಾಕಬೇಕು, ಒಂದು ಯಂತ್ರದಲ್ಲಿ ಇಟ್ಟ ಕೀಲಿ ಮತ್ತೊಂದರಲ್ಲಿ ಏಕೆ ಹೊರಬರುವುದಿಲ್ಲ ಎಂಬ ವಿಚಾರಗಳು ಅದನ್ನು ನಿತ್ಯ ಬಳಸುವವರಲ್ಲಿಯೂ ಅನೇಕರಿಗೆ ಸ್ಪಷ್ಟವಾಗಿಲ್ಲ. ಈ ವಿಚಾರಗಳನ್ನೇ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲಿಗೆ ಮೂಲಭೂತವಾದ ಎರಡು ಮಾತು. ಡಿಜಿಟಲ್ ಸಹಿಗೆ ಜೋಡಿ ಕೀಲಿಗಳು ಬೇಕು. ಒಂದು ಖಾಸಗಿ ಕೀಲಿ. ಅದು ಒಡೆಯನ ಬಳಿ ಮಾತ್ರ ಇರತಕ್ಕದ್ದು. ಇನ್ನೊಂದು ಸಾರ್ವಜನಿಕ ಕೀಲಿ. ಅದನ್ನು ಊರಿಗೆಲ್ಲ ಹಂಚಬಹುದು. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಪರೀಕ್ಷಿಸಬಹುದು. ಸಾರ್ವಜನಿಕ ಕೀಲಿಯಿಂದ ಮುಚ್ಚಿದ ದಾಖಲೆಯನ್ನು ಖಾಸಗಿ ಕೀಲಿಯಿಂದ ಮಾತ್ರ ತೆರೆಯಬಹುದು. ಈ ಸಾರ್ವಜನಿಕ ಕೀಲಿ ನಿಜವಾಗಿಯೂ ಇಂಥವರದೇ ಎಂದು ದೃಢೀಕರಿಸುವ ಪತ್ರವೇ ಪ್ರಮಾಣಪತ್ರ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಆ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂದು, ಇಂತಹ ಸಹಿಗೆ ಕಾನೂನಿನ ಮಾನ್ಯತೆ ನೀಡಿತು. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಈ ವ್ಯವಸ್ಥೆಯ ಶಿಖರದಲ್ಲಿದ್ದಾರೆ. ಅವರಿಂದ ಪರವಾನಗಿ ಪಡೆದ ಪ್ರಾಧಿಕಾರಗಳು ಪ್ರಮಾಣಪತ್ರ ವಿತರಿಸುತ್ತವೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ಇ-ಮುದ್ರಾ ಅಂಥದೊಂದು ಸಂಸ್ಥೆ. ಪುಣೆಯ ಸಿ-ಡ್ಯಾಕ್ ಮತ್ತೊಂದು.

ಅಧಿನಿಯಮದ 42ನೆಯ ಪ್ರಕರಣವನ್ನು ಇಲ್ಲಿ ವಿಶೇಷವಾಗಿ ಸ್ಮರಿಸಬೇಕು. ಖಾಸಗಿ ಕೀಲಿಯ ಮೇಲಿನ ಹತೋಟಿಯನ್ನು ಉಳಿಸಿಕೊಳ್ಳಲು ಯುಕ್ತವಾದ ಎಚ್ಚರಿಕೆ ವಹಿಸುವುದು ಪ್ರಮಾಣಪತ್ರ ಪಡೆದವರ ಕರ್ತವ್ಯವೆಂದೂ, ಅದು ಪರರ ವಶವಾದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಅದು ವಿಧಿಸುತ್ತದೆ. ಕೀಲಿಯನ್ನು ಲೆಕ್ಕ ಬರೆಯುವವರ ಮೇಜಿನ ಮೇಲೆ ಬಿಟ್ಟು ಬಂದು, ಆ ಸಹಿ ನನ್ನದಲ್ಲವೆಂದು ಅನಂತರ ಹೇಳಿದರೆ ಅದನ್ನು ಸಾಧಿಸುವುದು ಸುಲಭವಲ್ಲ.

ಖಾಸಗಿ ಕೀಲಿಯೆಂದರೆ ಗಣಕದ ದೃಷ್ಟಿಯಲ್ಲಿ ಒಂದು ದೊಡ್ಡ ಸಂಖ್ಯೆ, ಅಷ್ಟೆ. ಆ ಸಂಖ್ಯೆಯನ್ನೂ ಅದಕ್ಕೆ ಸಂಬಂಧಿಸಿದ ಪ್ರಮಾಣಪತ್ರವನ್ನೂ, ಆ ಪ್ರಮಾಣಪತ್ರಕ್ಕೆ ಸಾಕ್ಷಿ ನಿಂತ ಮೇಲಿನ ಪ್ರಾಧಿಕಾರಗಳ ಪ್ರಮಾಣಪತ್ರಗಳನ್ನೂ ಒಂದೇ ಕಡತದಲ್ಲಿಟ್ಟು ಪಾಸ್‌ವರ್ಡಿನಿಂದ ಮುಚ್ಚುವ ಪದ್ಧತಿಯೊಂದಿದೆ. ಇಂತಹ ಕಡತವನ್ನು ನಾನು ಕರಡಿಗೆ ಎಂದು ಕರೆಯುತ್ತೇನೆ. ಅಮೂಲ್ಯವಾದುದನ್ನು ಮೈಗೆ ಹತ್ತಿರ ಇಟ್ಟುಕೊಳ್ಳುವ ಪುಟ್ಟ ಪಾತ್ರೆಗೆ ನಮ್ಮಲ್ಲಿ ಇರುವ ಹೆಸರು ಅದು. ಇದರ ತಾಂತ್ರಿಕ ನಾಮ ಪಿಕೆಸಿಎಸ್ 12. ಕಡತದ ಹೆಸರಿನ ಕೊನೆಯಲ್ಲಿ ಕೆಲವೊಮ್ಮೆ ಪಿ-12 ಎಂದೂ ಕೆಲವೊಮ್ಮೆ ಪಿಎಫ್‌ಎಕ್ಸ್ ಎಂದೂ ಇರುತ್ತದೆ. ಮೈಕ್ರೋಸಾಫ್ಟ್ ಕಂಪನಿ ಮೊದಲು ರೂಪಿಸಿದ ವಿನ್ಯಾಸಕ್ಕೆ ಪಿಎಫ್‌ಎಕ್ಸ್ ಎಂಬ ಹೆಸರಿತ್ತು. ಅದನ್ನು ತಿದ್ದಿ ಆರ್‌ಎಸ್‌ಎ ಪ್ರಯೋಗಾಲಯವು 1999ರಲ್ಲಿ ಪಿಕೆಸಿಎಸ್ 12ರ ಮೊದಲ ಆವೃತ್ತಿಯಾಗಿ ಪ್ರಕಟಿಸಿತು. ಹಳೆಯ ಹೆಸರು ಮಾತ್ರ ಹೋಗಲಿಲ್ಲ. ಈ ಊರನ್ನು ಬ್ರಿಟಿಷರು ಕಿರ್ಕೀ ಎಂದು ಬರೆದರು, ಜನರು ಖಡಕಿ ಎಂದರು. ಊರು ಒಂದೇ. ಹಾಗೆಯೇ ಪಿ-12 ಮತ್ತು ಪಿಎಫ್‌ಎಕ್ಸ್ ಎಂಬ ಎರಡು ಹೆಸರಿನ ಕಡತಗಳು ಇಂದು ಒಂದೇ ಬಗೆಯವು. ಹೆಸರು ಬದಲಿಸಿದ ಮಾತ್ರಕ್ಕೆ ತೆರೆಯದ ಕಡತ ತೆರೆಯುವುದಿಲ್ಲ.

ಕರಡಿಗೆಯ ಒಳಗೆ ಏನಿದೆಯೆಂದು ನೋಡೋಣ. ಒಂದು ಪೆಟ್ಟಿಗೆಯೊಳಗೆ ಹಲವು ಚೀಲಗಳು. ಒಂದು ಚೀಲದಲ್ಲಿ ಖಾಸಗಿ ಕೀಲಿ, ಉಳಿದವುಗಳಲ್ಲಿ ಪ್ರಮಾಣಪತ್ರಗಳು. ಕೀಲಿಯ ಚೀಲಕ್ಕೆ ಒಂದು ಬೀಗ, ಪ್ರಮಾಣಪತ್ರಗಳ ಚೀಲಗಳಿಗೆ ಮತ್ತೊಂದು ಬೀಗ. ಇಡೀ ಪೆಟ್ಟಿಗೆಯ ಮೇಲೆ ಅರಗಿನ ಮುದ್ರೆಯಂಥದೊಂದು ಗುರುತು. ಯಾರಾದರೂ ಒಳಗಿನದನ್ನು ಬದಲಿಸಿದರೆ ಆ ಗುರುತು ತಾಳೆಯಾಗುವುದಿಲ್ಲ. ಈ ಮೂರೂ, ಅಂದರೆ ಎರಡು ಬೀಗ ಮತ್ತು ಒಂದು ಮುದ್ರೆ, ಬಳಕೆದಾರನು ಕೊಟ್ಟ ಒಂದೇ ಪಾಸ್‌ವರ್ಡಿನಿಂದ ಹುಟ್ಟುತ್ತವೆ. ಆದರೆ ಪಾಸ್‌ವರ್ಡಿನಿಂದ ಬೀಗದ ಕೀಲಿಯನ್ನು ತಯಾರಿಸುವ ವಿಧಾನ, ಬೀಗದ ಜಾತಿ, ಮುದ್ರೆಯ ಜಾತಿ ಇವೆಲ್ಲ ಕಡತವನ್ನು ಮಾಡಿದ ತಂತ್ರಾಂಶದ ಆಯ್ಕೆ. ಮಾನಕವು ಪೆಟ್ಟಿಗೆಯ ಆಕಾರವನ್ನು ನಿಗದಿಪಡಿಸಿತೇ ಹೊರತು ಒಂದೇ ಜಾತಿಯ ಬೀಗವನ್ನು ಎಲ್ಲರ ಮೇಲೆ ವಿಧಿಸಲಿಲ್ಲ. ಹೊಂದಾಣಿಕೆಯ ತೊಡಕುಗಳು ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

1990ರ ದಶಕದಲ್ಲಿ ಬಳಕೆಗೆ ಬಂದ ಬೀಗಗಳ ಕಥೆ ಕುತೂಹಲಕರವಾದುದು. ಆಗ ಅಮೆರಿಕ ದೇಶವು ಪ್ರಬಲವಾದ ಗೂಢಲಿಪಿ ತಂತ್ರಾಂಶದ ರಫ್ತನ್ನು ಶಸ್ತ್ರಾಸ್ತ್ರಗಳ ರಫ್ತಿನಂತೆಯೇ ನಿರ್ಬಂಧಿಸಿತ್ತು. ಮದ್ದುಗುಂಡು ತಯಾರಾಗುವ ಈ ಊರಿನಲ್ಲಿ ಆ ಹೋಲಿಕೆಯ ತೂಕ ಬೇಗ ಅರ್ಥವಾದೀತು. 40 ಬಿಟ್ ಉದ್ದದ ದುರ್ಬಲ ಕೀಲಿಗೆ ಹೊರದೇಶಕ್ಕೆ ಹೋಗಲು ಸುಲಭವಾಗಿ ಅನುಮತಿ ದೊರೆಯುತ್ತಿತ್ತು. ಆದ್ದರಿಂದ ಕರಡಿಗೆಯ ಪ್ರಮಾಣಪತ್ರಗಳ ಭಾಗಕ್ಕೆ ಆರ್‌ಸಿ-2 ಎಂಬ ವಿಧಾನದ 40 ಬಿಟ್ ರೂಪವನ್ನೂ, ಖಾಸಗಿ ಕೀಲಿಯ ಭಾಗಕ್ಕೆ ಟ್ರಿಪಲ್ ಡಿಇಎಸ್ ಎಂಬ ಹೆಚ್ಚು ಬಲವಾದ ವಿಧಾನವನ್ನೂ, ಮುದ್ರೆಗೆ ಶಾ-1 ಎಂಬ ವಿಧಾನವನ್ನೂ ಬಳಸುವ ರೂಢಿ ಬೆಳೆಯಿತು. 40 ಬಿಟ್ ಎಂದರೆ ಸುಮಾರು 1,09,951 ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು. ಆದರೆ ಇಂದಿನ ಗಣಕವು ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸಿ ಮುಗಿಸಬಲ್ಲದು. 56 ಬಿಟ್‌ನ ಡಿಇಎಸ್ ಕೀಲಿಯನ್ನೇ 1998ರಲ್ಲಿ ವಿಶೇಷ ಯಂತ್ರವೊಂದು ಮೂರು ದಿನಗಳೊಳಗೆ ಕಂಡುಹಿಡಿಯಿತು. ಪ್ರಮಾಣಪತ್ರವು ಹೇಗೂ ಸಾರ್ವಜನಿಕವಾದ ಪತ್ರ, ಅದಕ್ಕೆ ದುರ್ಬಲ ಬೀಗವಿದ್ದರೆ ನಷ್ಟವೇನು ಎಂದು ವಾದಿಸುವವರಿದ್ದರು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಗುಟ್ಟಲ್ಲದ ಪತ್ರಕ್ಕೆ ಬೀಗವೇ ಏಕೆ ಬೇಕಿತ್ತು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ನ್ಯೂಜಿಲೆಂಡಿನ ಸಂಶೋಧಕ ಪೀಟರ್ ಗಟ್‌ಮನ್ ಅವರು ಈ ಇಡೀ ವಿನ್ಯಾಸವನ್ನು ಕಟುವಾಗಿ ಟೀಕಿಸಿದ್ದಾರೆ. ಟೀಕೆ ನ್ಯಾಯವಾದದ್ದೇ. ಆದರೂ ಎಲ್ಲ ತಂತ್ರಾಂಶಗಳೂ ಓದಬಲ್ಲ ಸಾಮಾನ್ಯ ರೂಪ ಇದೊಂದೇ ಆದ್ದರಿಂದ ಅದು ಉಳಿಯಿತು.

ಅಮೆರಿಕವು 2000ದ ಜನವರಿಯಲ್ಲಿ ನಿರ್ಬಂಧಗಳನ್ನು ಬಹಳ ಸಡಿಲಿಸಿತು. 2001ರಲ್ಲಿ ಎಇಎಸ್ ಎಂಬ ನೂತನ ಗೂಢಲಿಪಿ ಮಾನಕ ಬಂದಿತು. ಇದನ್ನು ರೂಪಿಸಿದವರು ಬೆಲ್ಜಿಯಂ ದೇಶದ ಇಬ್ಬರು ವಿಜ್ಞಾನಿಗಳು. ಆದರೆ ಕರಡಿಗೆಗಳ ಬೀಗ ಬದಲಾಗಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಹಳೆಯ ಬೀಗವೇ ನಡೆಯಿತು. ಕಾರಣ ಸರಳವಾದುದು. ಹೊಸ ಬೀಗ ಹಾಕಿದ ಪೆಟ್ಟಿಗೆಯನ್ನು ಹಳೆಯ ಯಂತ್ರ ತೆರೆಯಲಾರದು, ಗಿರಾಕಿಗಳಿಂದ ದೂರು ಬರುವುದನ್ನು ಯಾವ ಕಂಪನಿಯೂ ಬಯಸದು.

ಬದಲಾವಣೆ ಬಂದದ್ದು 2021ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಜಾವಾ ಭಾಷೆಯ 16ನೆಯ ಆವೃತ್ತಿಯೂ, ಸೆಪ್ಟೆಂಬರ್ 7ರಂದು ಓಪನ್ಎಸ್‌ಎಸ್‌ಎಲ್ ಎಂಬ ಸರ್ವವ್ಯಾಪಿಯಾದ ತಂತ್ರಾಂಶದ 3.0 ಆವೃತ್ತಿಯೂ, ಕರಡಿಗೆಗೆ 256 ಬಿಟ್‌ನ ಎಇಎಸ್ ಬೀಗವನ್ನೂ ಶಾ-256 ಮುದ್ರೆಯನ್ನೂ ಸಹಜ ಆಯ್ಕೆಯಾಗಿ ಸ್ವೀಕರಿಸಿದವು. ಅಷ್ಟೇ ಅಲ್ಲದೆ, ಓಪನ್ಎಸ್‌ಎಸ್‌ಎಲ್ ತಂತ್ರಾಂಶವು ಆರ್‌ಸಿ-2ನ್ನು ತನ್ನ ಮುಖ್ಯ ಭಾಗದಿಂದ ತೆಗೆದು, 'ಲೆಗಸಿ' ಎಂಬ ಪ್ರತ್ಯೇಕ ಉಗ್ರಾಣಕ್ಕೆ ಸಾಗಿಸಿತು. ಇದರ ಪರಿಣಾಮ ಎರಡು ದಿಕ್ಕಿನದು. ಹಳೆಯ ಕರಡಿಗೆ ಹೊಸ ಯಂತ್ರದಲ್ಲಿ ತೆರೆಯುವುದಿಲ್ಲ. 'ಲೆಗಸಿ' ಉಗ್ರಾಣವನ್ನು ತೆರೆಯುವಂತೆ ಸ್ಪಷ್ಟವಾಗಿ ಆಜ್ಞಾಪಿಸಬೇಕು. ಹೊಸ ಕರಡಿಗೆ ಹಳೆಯ ಯಂತ್ರದಲ್ಲಿ ತೆರೆಯುವುದಿಲ್ಲ. ವಿಂಡೋಸ್ 7 ಹಾಗೂ ವಿಂಡೋಸ್ ಸರ್ವರ್ 2016 ಇಂತಹ ಹಳೆಯ ಯಂತ್ರಗಳು. ವಿಂಡೋಸ್ 10ರ ಅನಂತರದ ಆವೃತ್ತಿಗಳು ಮತ್ತು ಸರ್ವರ್ 2019 ಹೊಸ ಬೀಗವನ್ನು ಬಲ್ಲವು.

ಇಲ್ಲಿಯೇ ಸಾಮಾನ್ಯ ಬಳಕೆದಾರನಿಗೆ ದೊಡ್ಡ ಸಂಕಟ ಒದಗುತ್ತದೆ. ತನಗೆ ತಿಳಿಯದ ಬೀಗ ಎದುರಾದಾಗ ಹಳೆಯ ವಿಂಡೋಸ್ ಯಂತ್ರವು "ಈ ಬೀಗ ನನಗೆ ತಿಳಿಯದು" ಎಂದು ಹೇಳುವುದಿಲ್ಲ. "ನೀವು ಕೊಟ್ಟ ಜಾಲದ ಪಾಸ್‌ವರ್ಡ್ ಸರಿಯಿಲ್ಲ" ಎನ್ನುತ್ತದೆ. ಆಪಲ್ ಕಂಪನಿಯ ಮ್ಯಾಕ್ ಯಂತ್ರವೂ ಮುದ್ರೆ ತಾಳೆಯಾಗಲಿಲ್ಲ, ಪಾಸ್‌ವರ್ಡ್ ತಪ್ಪಿರಬಹುದೇ ಎಂಬ ಅರ್ಥದ ಮಾತನ್ನೇ ಆಡಿದ್ದುಂಟು. ಪಾಸ್‌ವರ್ಡಿನಿಂದ ಮುದ್ರೆಯನ್ನು ಲೆಕ್ಕಹಾಕಿ ತಾಳೆ ನೋಡುವುದು ಯಂತ್ರದ ಮೊದಲ ಕೆಲಸ. ಲೆಕ್ಕಹಾಕುವ ವಿಧಾನವೇ ತಿಳಿಯದಿದ್ದರೂ ತಾಳೆಯಾಗದು, ಪಾಸ್‌ವರ್ಡ್ ತಪ್ಪಿದ್ದರೂ ತಾಳೆಯಾಗದು. ಎರಡನ್ನೂ ಅದು ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಕೇಳಿದವನು ತನ್ನ ನೆನಪನ್ನೇ ಶಂಕಿಸುತ್ತಾನೆ. ಹತ್ತು ಬಾರಿ ಪ್ರಯತ್ನಿಸಿ, ಕಡೆಗೆ ಪ್ರಮಾಣಪತ್ರವನ್ನು ರದ್ದುಪಡಿಸಿ ಹೊಸದಕ್ಕೆ ಅರ್ಜಿ ಹಾಕುತ್ತಾನೆ, ಹಣವನ್ನೂ ದಿನಗಳನ್ನೂ ಕಳೆದುಕೊಳ್ಳುತ್ತಾನೆ. ಟೆಂಡರಿನ ಕೊನೆಯ ಗಳಿಗೆ ಅಪರಾಹ್ನ ಮೂರಕ್ಕಿದ್ದರೆ ಜಾಲತಾಣವು ಅವನಿಗಾಗಿ ಕಾಯುವುದಿಲ್ಲ. ಆದ್ದರಿಂದ, ನಿಶ್ಚಯವಾಗಿ ನೆನಪಿರುವ ಪಾಸ್‌ವರ್ಡನ್ನು ಯಂತ್ರವು ಅಲ್ಲಗಳೆದರೆ, ಕಡತವನ್ನು ತಯಾರಿಸಿದ ಯಂತ್ರದಲ್ಲಿಯೇ ಅದನ್ನು ಒಮ್ಮೆ ತೆರೆದು ನೋಡುವುದು ಮೊದಲ ಪರೀಕ್ಷೆಯಾಗಬೇಕು. ಅಲ್ಲಿ ತೆರೆದು ಇಲ್ಲಿ ತೆರೆಯದಿದ್ದರೆ ದೋಷ ನೆನಪಿನದಲ್ಲ.

ಕನ್ನಡಿಗರಿಗೆ ಇಂತಹ ತೊಡಕು ಅಪರಿಚಿತವೇನಲ್ಲ. ಒಂದು ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡ ಪತ್ರವು ಮತ್ತೊಂದು ತಂತ್ರಾಂಶವಿರುವ ಕಚೇರಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸಿದ ಕಾಲವೊಂದಿತ್ತು. ಪತ್ರ ಕೆಟ್ಟಿರಲಿಲ್ಲ, ಓದುವ ಯಂತ್ರಕ್ಕೆ ಆ ಸಂಕೇತ ತಿಳಿದಿರಲಿಲ್ಲ. ಇಲ್ಲಿಗೆ ಸಮೀಪದ ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ ಬಹುಕಾಲ ಕಾರ್ಯನಿರ್ವಹಿಸಿದ ಸಿ-ಡ್ಯಾಕ್ ಸಂಸ್ಥೆಯು ಜಿಸ್ಟ್ ತಂತ್ರಜ್ಞಾನದ ಮೂಲಕ ಭಾರತೀಯ ಲಿಪಿಗಳಿಗೆ ಗಣಕದಲ್ಲಿ ಸ್ಥಾನ ಕಲ್ಪಿಸಲು ಶ್ರಮಿಸಿದ್ದನ್ನೂ, 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕ ಬಂದದ್ದನ್ನೂ, ಅನಂತರ ಯೂನಿಕೋಡ್ ಬಂದು ಆ ಗೊಂದಲವನ್ನು ಬಹುಮಟ್ಟಿಗೆ ನಿವಾರಿಸಿದ್ದನ್ನೂ ತಾವು ಬಲ್ಲಿರಿ.

ಯೂನಿಕೋಡಿನ ಮಾತು ಬಂದದ್ದರಿಂದ ಕರಡಿಗೆಯ ಪಾಸ್‌ವರ್ಡ್ ಕನ್ನಡದಲ್ಲಿರಬಹುದೇ ಎಂಬುದನ್ನೂ ಹೇಳಿಬಿಡುತ್ತೇನೆ. ಮಾನಕದ ಪ್ರಕಾರ ಇರಬಹುದು. ವ್ಯವಹಾರದಲ್ಲಿ ಬೇಡ. ಹಳೆಯ ವಿಧಾನದ ಬೀಗವು ಪಾಸ್‌ವರ್ಡಿನ ಪ್ರತಿಯೊಂದು ಅಕ್ಷರವನ್ನೂ ಎರಡು ಬೈಟುಗಳಾಗಿ ಬರೆಯಬೇಕೆನ್ನುತ್ತದೆ; ಹೊಸ ವಿಧಾನವು ಯುಟಿಎಫ್-8 ಎಂಬ ಬೇರೆ ಕ್ರಮದಲ್ಲಿ ಬರೆಯುತ್ತದೆ. ಕೆಲವು ಹಳೆಯ ತಂತ್ರಾಂಶಗಳು ರೋಮನ್ ಲಿಪಿಯಾಚೆಯ ಅಕ್ಷರಗಳನ್ನು ತಪ್ಪಾಗಿಯೇ ಪರಿವರ್ತಿಸುತ್ತಿದ್ದವು. ಓಪನ್ಎಸ್‌ಎಸ್‌ಎಲ್ 1.1.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ದೋಷವಿತ್ತು. ಇದಲ್ಲದೆ 'ಕೋ' ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾದ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೀಗಕ್ಕೆ ಬೇರೆ ಬೇರೆ. ಮಾತೃಭಾಷೆಯ ಅಭಿಮಾನವನ್ನು ತೋರಲು ಬೇರೆ ಅನೇಕ ಸ್ಥಳಗಳಿವೆ. ಕರಡಿಗೆಯ ಪಾಸ್‌ವರ್ಡು ರೋಮನ್ ಅಕ್ಷರ ಮತ್ತು ಅಂಕಿಗಳಲ್ಲಿಯೇ ಇರಲಿ. ಬೇಕಿದ್ದರೆ ಕನ್ನಡದ ನಾಲ್ಕೈದು ಬಿಡಿ ಪದಗಳನ್ನೇ ರೋಮನ್ ಲಿಪಿಯಲ್ಲಿ ಜೋಡಿಸಿಕೊಳ್ಳಬಹುದು.

ಬೀಗದ ಬಲಕ್ಕಿಂತಲೂ ಪಾಸ್‌ವರ್ಡಿನ ಬಲವೇ ಹೆಚ್ಚು ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಎಇಎಸ್ ಬೀಗವನ್ನು ಮುರಿಯಲು ಯಾರೂ ಹೋಗುವುದಿಲ್ಲ, ಪಾಸ್‌ವರ್ಡನ್ನು ಊಹಿಸುತ್ತಾರೆ. ಊಹೆಯನ್ನು ನಿಧಾನಗೊಳಿಸಲು ತಂತ್ರಾಂಶವು ಪಾಸ್‌ವರ್ಡನ್ನು ಸಾವಿರಾರು ಬಾರಿ ಅರೆಯುತ್ತದೆ. ಓಪನ್ಎಸ್‌ಎಸ್‌ಎಲ್ ಸಾಮಾನ್ಯವಾಗಿ 2,048 ಬಾರಿ ಅರೆದರೆ, ಜಾವಾ 16ನೆಯ ಆವೃತ್ತಿ 10,000 ಬಾರಿ ಅರೆಯುತ್ತದೆ. ಆದರೆ ಜನ್ಮದಿನಾಂಕವೇ ಪಾಸ್‌ವರ್ಡ್ ಆಗಿದ್ದರೆ ಏನಾಗುತ್ತದೆಂದು ಎಣಿಸಿ. ನೂರು ವರ್ಷಗಳಲ್ಲಿ ಇರುವುದು ಸುಮಾರು 36,525 ದಿನಗಳು. ಪ್ರತಿಯೊಂದನ್ನೂ 2,048 ಬಾರಿ ಅರೆದರೂ ಒಟ್ಟು ಸುಮಾರು ಏಳೂವರೆ ಕೋಟಿ ಲೆಕ್ಕಗಳು. ಸಾಧಾರಣ ಗಣಕಕ್ಕೆ ಇದು ಕೆಲವೇ ನಿಮಿಷಗಳ ಕೆಲಸ. ಕಡತ ಮತ್ತು ಪಾಸ್‌ವರ್ಡ್ ಎರಡನ್ನೂ ಒಂದೇ ಮಿಂಚಂಚೆಯಲ್ಲಿ ಕಳುಹಿಸುವವರಿಗಂತೂ ಈ ಲೆಕ್ಕವೂ ಬೇಕಿಲ್ಲ.

ಕೀಲಿಯನ್ನು ಕಡತದಲ್ಲಿ ಇಡುವುದೇ ಏಕೆ, ಟೋಕನ್ ಇಲ್ಲವೇ ಎಂದು ತಾವು ಕೇಳಬಹುದು. ಯುಕ್ತವಾದ ಪ್ರಶ್ನೆ. ಯುಎಸ್‌ಬಿ ಟೋಕನ್ ಎಂಬ ಪುಟ್ಟ ಸಾಧನದಲ್ಲಿ ಹುಟ್ಟಿದ ಖಾಸಗಿ ಕೀಲಿ ಅದರಿಂದ ಹೊರಬರುವುದೇ ಇಲ್ಲ. ಸಹಿ ಮಾಡುವ ಲೆಕ್ಕವೇ ಅದರೊಳಗೆ ನಡೆಯುತ್ತದೆ. ಟೆಂಡರ್ ಮೊದಲಾದ ವ್ಯವಹಾರಗಳಲ್ಲಿ ಬಳಸುವ 3ನೆಯ ವರ್ಗದ ಸಹಿ ಪ್ರಮಾಣಪತ್ರಕ್ಕೆ ನಿಯಂತ್ರಕರು ಇಂತಹ ಟೋಕನನ್ನು ಕಡ್ಡಾಯಗೊಳಿಸಿದ್ದಾರೆ. ಇದು ಸರಿಯಾದ ಕ್ರಮ. 2ನೆಯ ವರ್ಗದ ಪ್ರಮಾಣಪತ್ರಗಳ ವಿತರಣೆ 2021ರ ಆರಂಭದಿಂದ ನಿಂತಿದೆ. ಆದರೂ ಕರಡಿಗೆಯ ಅವಶ್ಯಕತೆ ಮುಗಿದಿಲ್ಲ. ಕಚೇರಿಯ ಜಾಲತಾಣದ ಸರ್ವರ್ ಪ್ರಮಾಣಪತ್ರ ಒಂದು ಯಂತ್ರದಿಂದ ಮತ್ತೊಂದಕ್ಕೆ ಹೋಗುವುದು ಬಹುತೇಕ ಈ ಕರಡಿಗೆಯಲ್ಲಿಯೇ.

ಮತ್ತೊಂದು ಸಂದರ್ಭ ಇನ್ನೂ ಗಹನವಾದುದು. ಸಹಿಯ ಕೀಲಿ ಕಳೆದರೆ ಹೊಸದನ್ನು ಪಡೆಯಬಹುದು. ಹಿಂದೆ ಮಾಡಿದ ಸಹಿಗಳನ್ನು ಪರೀಕ್ಷಿಸಲು ಪ್ರಮಾಣಪತ್ರವೊಂದೇ ಸಾಕು. ಆದರೆ ದಾಖಲೆಯನ್ನು ತೆರೆಯುವ ಕೀಲಿ ಕಳೆದರೆ ಆ ದಾಖಲೆ ಎಂದೆಂದಿಗೂ ಮುಚ್ಚಿಯೇ ಉಳಿಯುತ್ತದೆ. ಎನ್‌ಐಸಿ ಸಿದ್ಧಪಡಿಸಿದ ಇ-ಖರೀದಿ ವ್ಯವಸ್ಥೆಯಲ್ಲಿ ಬಿಡ್ಡುಗಳು ಅವುಗಳನ್ನು ತೆರೆಯಲು ನೇಮಕಗೊಂಡ ಅಧಿಕಾರಿಗಳ ಸಾರ್ವಜನಿಕ ಕೀಲಿಯಿಂದ ಮುಚ್ಚಲ್ಪಡುತ್ತವೆ. ಒಬ್ಬರು ವರ್ಗವಾಗಿ ಹೋದರೂ, ಟೋಕನ್ ಕೆಟ್ಟರೂ ಕೆಲಸ ನಿಲ್ಲಬಾರದೆಂದೇ ಇಬ್ಬರಿಗಿಂತ ಹೆಚ್ಚು ಮಂದಿಯನ್ನು ನೇಮಿಸುವ ರೂಢಿಯಿದೆ. ಗೂಢಲಿಪಿಯ ಕೀಲಿಗೆ ಪ್ರತಿ ಇಡುವುದು ವಿವೇಕ, ಸಹಿಯ ಕೀಲಿಗೆ ಪ್ರತಿ ಇಡುವುದು ಅವಿವೇಕ. ಈ ವ್ಯತ್ಯಾಸವನ್ನು ಅರಿಯದೆ ಎರಡನ್ನೂ ಒಂದೇ ಬಗೆಯಲ್ಲಿ ನೋಡುವ ಕಚೇರಿಗಳು ಇಲ್ಲದಿಲ್ಲ.

ಹಳೆಯ ಕರಡಿಗೆಯೊಂದು ಹೊಸ ಯಂತ್ರದಲ್ಲಿ ತೆರೆಯದಿದ್ದಾಗ ಮಾಡಬೇಕಾದುದು ಹೆಚ್ಚೇನಲ್ಲ. ಅದನ್ನು ತೆರೆಯಬಲ್ಲ ಯಂತ್ರದಲ್ಲಿ ತೆರೆದು, ಎಲ್ಲಿಗೆ ಒಯ್ಯಬೇಕೋ ಆ ಯಂತ್ರಕ್ಕೆ ತಿಳಿದಿರುವ ಬೀಗ ಹಾಕಿ ಮತ್ತೆ ಮುಚ್ಚಬೇಕು. ಈಚಿನ ವಿಂಡೋಸ್‌ನಲ್ಲಿ ರಫ್ತು ಮಾಡುವಾಗ ಟ್ರಿಪಲ್ ಡಿಇಎಸ್ ಮತ್ತು ಎಇಎಸ್ 256 ಎಂಬ ಎರಡು ಆಯ್ಕೆಗಳು ಕಾಣಿಸುತ್ತವೆ. ಎರಡೂ ಕಡೆಯ ಯಂತ್ರಗಳು ಹೊಸವಾದರೆ ಎರಡನೆಯದನ್ನೇ ಆರಿಸಿ. ಹಳೆಯ ಯಂತ್ರಕ್ಕೆ ಅನಿವಾರ್ಯವಾದರೆ ಮೊದಲನೆಯದು, ಆದರೆ ದೀರ್ಘವಾದ ಪಾಸ್‌ವರ್ಡಿನೊಂದಿಗೆ, ಮತ್ತು ಕೆಲಸವಾದ ಕೂಡಲೇ ಆ ಕಡತ ಅಳಿಯಬೇಕು. ಮೇಲಿನ ಪ್ರಾಧಿಕಾರಗಳ ಪ್ರಮಾಣಪತ್ರಗಳನ್ನೂ ಸೇರಿಸುವ ಆಯ್ಕೆಯನ್ನು ಮರೆಯಬಾರದು. ಮರೆತರೆ ಕರಡಿಗೆ ತೆರೆದರೂ ಪ್ರಮಾಣಪತ್ರದ ಮೇಲೆ ಯಂತ್ರಕ್ಕೆ ನಂಬಿಕೆ ಬಾರದು. ಓಪನ್ಎಸ್‌ಎಸ್‌ಎಲ್ ಬಳಸಿ ಬೀಗ ಬದಲಿಸುವವರು ನಡುವಿನ ಹಂತದಲ್ಲಿ ಕೀಲಿಯು ಬೀಗವಿಲ್ಲದೆ ಡಿಸ್ಕಿನ ಮೇಲೆ ಉಳಿಯಬಹುದೆಂಬುದನ್ನು ಗಮನಿಸಬೇಕು. ಇನ್ನು, ಕಡತವನ್ನು ಕಳುಹಿಸಿ, ಉಚಿತವಾಗಿ ಪರಿವರ್ತಿಸಿ ಕೊಡುತ್ತೇವೆ ಎನ್ನುವ ಜಾಲತಾಣಗಳಿವೆ. ಅಲ್ಲಿಗೆ ಕರಡಿಗೆ ಮತ್ತು ಪಾಸ್‌ವರ್ಡ್ ಎರಡನ್ನೂ ಒಪ್ಪಿಸುವುದೆಂದರೆ ಸಹಿ ಮಾಡಿದ ಖಾಲಿ ಕಾಗದವನ್ನು ಅಪರಿಚಿತನ ಕೈಗೆ ಕೊಟ್ಟಂತೆ. ಹಾಗೆ ಮಾಡಿದ ಕೀಲಿಯನ್ನು ಅಂದೇ ರದ್ದುಪಡಿಸಬೇಕು.

ಮುದ್ರೆಯ ಭಾಗವನ್ನು ಬಲಪಡಿಸುವ ನೂತನ ವಿಧಾನವೊಂದು 2024ರಲ್ಲಿ ಪ್ರಕಟವಾಗಿದೆ. ಅದನ್ನು ಬಳಸಿದ ಕರಡಿಗೆಗಳನ್ನು ಇಂದು ಚಾಲ್ತಿಯಲ್ಲಿರುವ ಅನೇಕ ತಂತ್ರಾಂಶಗಳು ಓದಲಾರವು. 2012ರ ಜನವರಿಯಲ್ಲಿ ನಮ್ಮ ದೇಶದ ಪ್ರಾಧಿಕಾರಗಳು ಶಾ-2 ವಿಧಾನಕ್ಕೂ 2,048 ಬಿಟ್‌ನ ಕೀಲಿಗೂ ಬದಲಾದಾಗಲೂ ಹೀಗೆಯೇ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರಗಳು ಹಿಂದೆ ಬಿದ್ದವು. ಹಾಗಾಗಿ ಗೂಢಲಿಪಿಯ ಕೀಲಿಯ ಕರಡಿಗೆಯನ್ನು ಕಪಾಟಿನಲ್ಲಿಟ್ಟಿರುವ ಕಚೇರಿಗಳು ವರ್ಷಕ್ಕೊಮ್ಮೆಯಾದರೂ ಅದನ್ನು ಹೊರತೆಗೆದು, ಆಗ ಬಳಕೆಯಲ್ಲಿರುವ ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕೆಂದು ಸೂಚಿಸುತ್ತೇನೆ. ಪ್ರಮಾಣಪತ್ರದ ಅವಧಿ ಮುಗಿದಿದ್ದರೂ ಪರೀಕ್ಷೆ ಬೇಕು, ಏಕೆಂದರೆ ಹಳೆಯ ದಾಖಲೆಗಳು ತೆರೆಯುವುದು ಹಳೆಯ ಕೀಲಿಯಿಂದಲೇ. ಅದು ತೆರೆಯದಿದ್ದರೆ, ಕಡತವನ್ನು ತಯಾರಿಸಿದ ಹಳೆಯ ಯಂತ್ರ ಗುಜರಿಗೆ ಹೋಗುವ ಮೊದಲೇ ಹೊಸ ಬೀಗ ಹಾಕಿಸಿ, ಯಾವ ತಂತ್ರಾಂಶದ ಯಾವ ಆವೃತ್ತಿಯಿಂದ, ಯಾವ ದಿನಾಂಕದಂದು ಮುಚ್ಚಲಾಯಿತೆಂಬುದನ್ನು ಕಪಾಟಿನ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯಬಾರದು. ಅದು ಬೇರೆ ಲಕೋಟೆಯಲ್ಲಿ, ಬೇರೆ ಕಪಾಟಿನಲ್ಲಿ, ಬೇರೊಬ್ಬ ಅಧಿಕಾರಿಯ ವಶದಲ್ಲಿರಲಿ.